ಅಣ್ಣನ ಡ್ರಮ್ಮು, ಅಪ್ಪನ ಹುಲ್ಲುಬೆಂಕಿ

ನಮ್ಮಣ್ಣನಿಗೆ ನೆಂಟರ ಹೆಸರುಗಳೇ ನೆನಪಿರುತ್ತಿರಲಿಲ್ಲ. ಆದರೆ ಸಮುದ್ರದಾಚೆಯ ಒಬ್ಬ ರಾಕ್ ಡ್ರಮ್ಮರ್ ಯಾವ ಕಾಲದಲ್ಲಿ ಯಾವ ಡ್ರಮ್ ಸೆಟ್ ಬಾರಿಸಿದ ಅನ್ನುವುದು ಬಾಯಿಪಾಠ. ಹುಡುಗನಾಗಿದ್ದಾಗಿನ ಪುಟ್ಟ ಸೆಟ್ಟು, ಹೆಸರು ಬಂದಮೇಲಿನ ಭಾರೀ ಸೆಟ್ಟು, ಆಮೇಲೆ ಬೆಲ್ಲದ ಪಾಕದ ಬಣ್ಣದ, ಒಳಗೆಲ್ಲ ಕಾಣುವ ಇನ್ನೊಂದು. ಹನಗೋಡಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಫೋನು ಹಿಡಿದು ಅದನ್ನೇ ತೋರಿಸುತ್ತಿದ್ದ. ಮುದ್ದೆ ಆರಿಹೋದರೂ ಬಿಡುತ್ತಿರಲಿಲ್ಲ, ಅಂಥ ಹುಚ್ಚ.

ಅಪ್ಪ ತಮಟೆ ಬಾರಿಸುತ್ತಿದ್ದವನು. ಒಂದು ಸಲ ಆ ಫೋನು ನೋಡಿ, "ಇಷ್ಟು ದಪ್ಪುಂದ್ನೆಲ್ಲ ಕಾಯ್ಸಕೆ ಎಷ್ಟು ಹೊರೆ ಹುಲ್ಲು ಬೇಕ್ಲಾ?" ಅಂದ. ಅಣ್ಣ ಬಿದ್ದು ಬಿದ್ದು ನಕ್ಕ. ಹುಲ್ಲುಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡದೆ ಅಪ್ಪ ಎಂದೂ ತಮಟೆ ಮುಟ್ಟಿದವನಲ್ಲ. ಡ್ರಮ್ಮಿಗೆ ಹೊದಿಸುವುದು ಪ್ಲಾಸ್ಟಿಕ್ ಅಂತ ಯಾರೂ ಅವನಿಗೆ ಹೇಳಲಿಲ್ಲ. ನಗುವುದರಲ್ಲೇ ಮಾತು ಮುಗಿದುಹೋಯಿತು.

ಅಪ್ಪ ತಮಟೆಯನ್ನು ಗೋಡೆಗೆ ನೇತುಹಾಕಿ ಬಹಳ ಕಾಲವಾಗಿತ್ತು. "ಸಾವಿಗೆ ಬಡಿಯೋದು ನನ್ಗೇ ಮುಗೀಲಿ, ನೀನು ಮದ್ವೆ ಮನೇಲಿ ಬಾರ್ಸು" ಅಂತ ಅಣ್ಣನಿಗೆ ಹೇಳಿದ್ದ. ಅಣ್ಣ ಹಾಗೇ ಬದುಕಿದ. ಕೆ.ಆರ್. ನಗರದ ಒಂದು ಆರ್ಕೆಸ್ಟ್ರಾ ಸೇರಿ ಪಿರಿಯಾಪಟ್ಟಣ, ಕೋಟೆ ಅಂತ ಊರೂರು ಸುತ್ತಿ ಮದುವೆಗಳಿಗೇ ಬಾರಿಸುತ್ತಿದ್ದ. ಸೆಟ್ಟು ಆರ್ಕೆಸ್ಟ್ರಾದವರ ಕೋಣೆಯಲ್ಲೇ ಇರುತ್ತಿತ್ತು. ಮಂಡಿಯ ಹತ್ತಿರ ಇಟ್ಟುಕೊಳ್ಳುವ ಚಿಕ್ಕ ಡ್ರಮ್ಮಿನ ಮೇಲೆ ಅವನ ಕೋಲು ಬಿದ್ದೂ ಬಿದ್ದೂ ಬಿಳಿ ಬಣ್ಣ ಸವೆದು, ನಡುವೆ ಅಂಗೈಯಗಲದ ಗುರುತು ಮೂಡಿತ್ತು. ಅಲ್ಲಿಗೆ ಹೋದಾಗಲೆಲ್ಲ ನಾನು ಅದನ್ನು ಸವರಿ ನೋಡುತ್ತಿದ್ದೆ.

ಹೋದ ವರ್ಷ ಕೋಟೆಯಿಂದ ಬರುವಾಗ ಬೈಕಿಗೆ ಲಾರಿ ಗುದ್ದಿ ಅಣ್ಣ ತೀರಿಹೋದ.

ಮಾರನೆಯ ಬೆಳಿಗ್ಗೆ ಆರ್ಕೆಸ್ಟ್ರಾದ ಗೆಳೆಯರು ಆ ಚಿಕ್ಕ ಡ್ರಮ್ಮನ್ನು ತಂದು ಅವನ ತಲೆಯ ಬಳಿ ಇಟ್ಟರು. "ನನ್ ಮಗನ್ ಮುಂದೆ ಅವುನ್ ವಾದ್ಯನೇ ಓಗ್ಲಿ," ಅಂದ ಅಪ್ಪ ಅದನ್ನೆತ್ತಿಕೊಂಡು ಅಂಗಳಕ್ಕೆ ನಡೆದ. ನಾನು ಅವ್ವನನ್ನು ಹಿಡಿದು ಕೂತಿದ್ದೆ. ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೇ ಓಡಿದ್ದು. ಅಪ್ಪ ಹುಲ್ಲಿಗೆ ಬೆಂಕಿ ಹಾಕಿ ಡ್ರಮ್ಮನ್ನು ಅದರ ಮೇಲೆ ಹಿಡಿದಿದ್ದ. ಪ್ಲಾಸ್ಟಿಕ್ ಮುದುಡಿ, ಅಣ್ಣನ ಗುರುತು ಇದ್ದ ಕಡೆಯೇ ತೂತು ಬಿದ್ದಿತ್ತು.

"ಚರ್ಮ ಅಲ್ವೇನವ್ವ ಇದು?" ಅಂತ ನನ್ನ ಮುಖ ನೋಡಿದ.

"ಅಲ್ಲ ಕಣಪ್ಪ" ಅಂದೆ.

ಅಪ್ಪ ಡ್ರಮ್ಮನ್ನು ನನ್ನ ಕೈಗಿಟ್ಟು ಒಳಗೆ ಹೋದ. ಗೋಡೆಯ ತಮಟೆ ಇಳಿಸಿ ತಂದು, ಇನ್ನೂ ಆರದ ಅದೇ ಬೆಂಕಿಗೆ ಹಿಡಿದು ತಿರುಗಿಸಿದ, ಬೆರಳಲ್ಲಿ ತಟ್ಟಿ ನೋಡಿದ. ಅದು ಖಣಖಣ ಅಂದಿತು.

"ನನ್ಗೇ ಮುಗೀಲಿ ಅಂದಿದ್ದೆ ಕಣವ್ವ" ಅಂದ. ಆಮೇಲೆ ಮಗನ ಮುಂದೆ ಬಾರಿಸುತ್ತಾ ನಡೆದ.