ತುಂಬಾ ಉಪಯುಕ್ತ ಮಾಹಿತಿ ಸಾರ್

ಕೆಲಸ ಹುಡುಕುವುದು ಹೇಗೆಂದು ಹನ್ನೊಂದು ವರ್ಷದಿಂದ ಜನರಿಗೆ ಹೇಳಿಕೊಡುತ್ತಿರುವ ನಾನು ಮೊನ್ನೆಮೊನ್ನೆಯವರೆಗೆ ಈ ಜೀವಮಾನದಲ್ಲಿ ಎದುರಿಸಿದ್ದು ಒಂದೇ ಒಂದು ಸಂದರ್ಶನ. ಅದೂ ಎಂಥ ಸಂದರ್ಶನ ಅಂತೀರಿ! ಶ್ರೀರಂಗಪಟ್ಟಣದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರು ಬೇಕಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಹೋಗಿದ್ದೆ. ಆಡಳಿತ ಮಂಡಳಿಯ ಹಿರಿಯರು ನನ್ನ ಅಂಕಪಟ್ಟಿಗಳ ಕಡತವನ್ನು ಬಿಚ್ಚಲೂ ಇಲ್ಲ. "ಯಾವೂರು? ಯಾರ ಮಗ?" ಎಂದರು. ಹೇಳಿದೆ. "ಊಟ ಆಯ್ತಾ?" ಎಂದರು. ಇಲ್ಲ ಎಂದೆ. ಊಟ ಹಾಕಿಸಿ, ಮಾರನೆಯ ದಿನದಿಂದ ಪಾಠಕ್ಕೆ ಬರಲು ಹೇಳಿದರು. ಇಷ್ಟೇ ಅನುಭವವನ್ನು ಬಂಡವಾಳ ಮಾಡಿಕೊಂಡು ನಾನು ಸಂದರ್ಶನದಲ್ಲಿ ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು, ನೀರು ಕೊಟ್ಟರೆ ಕುಡಿಯಬೇಕೋ ಬೇಡವೋ ಎಂದು ಪುಟಗಟ್ಟಲೆ ಬರೆದವನು.

ಬ್ಲಾಗು ಶುರುವಾದದ್ದೂ ನನ್ನ ಪಾಂಡಿತ್ಯದಿಂದಲ್ಲ. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಉದ್ಯೋಗ ಕೊಡಿಸುವ ವಿಭಾಗವೊಂದನ್ನು ತೆರೆಯಬೇಕಾಗಿ ಬಂದಾಗ, ಅದಕ್ಕೆ ಗೊತ್ತುಮಾಡಿದ ಕೋಣೆಯ ಬೀಗದ ಕೈ ನನ್ನ ಹತ್ತಿರ ಇತ್ತು. ಕೈ ಇದ್ದವನೇ ಮುಖ್ಯಸ್ಥನಾದ. ಬಂದವರೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದರು, ನಾನು ಅದೇ ಉತ್ತರ ಹೇಳುತ್ತಿದ್ದೆ. ಒಮ್ಮೆ ಬರೆದು ಹಾಕಿಬಿಟ್ಟರೆ ಬಾಯಿಗೆ ವಿಶ್ರಾಂತಿ ಸಿಕ್ಕೀತು ಎಂಬ ಸೋಮಾರಿತನದಿಂದ ಪಾಂಡವಪುರದ ನಮ್ಮ ಮನೆಯ ನಡುಮನೆಯಲ್ಲಿ ಕೂತು ಮೊದಲ ಬರಹ ಬರೆದೆ. ಬಾಯಿಗೇನೋ ವಿಶ್ರಾಂತಿ ಸಿಕ್ಕಿತು. ಉಳಿದ ಅಂಗಗಳ ಮಾತು ಬೇರೆ.

ಬುದ್ಧಿ ಹೇಳುವುದರಲ್ಲಿ ಒಂದು ಕಷ್ಟವಿದೆ. ಹೇಳುವಷ್ಟು ಬುದ್ಧಿ ಮೊದಲ ವರ್ಷವೇ ಮುಗಿದುಹೋಗುತ್ತದೆ. ಆಮೇಲೆ ಅದನ್ನೇ ತಿರುವಿ ಹಾಕಿ ಬರೆಯಬೇಕು. 'ಸ್ವವಿವರ ಒಂದು ಪುಟ ಮೀರದಿರಲಿ' ಎಂದು ನಾನು ಎಷ್ಟು ಪುಟ ಬರೆದಿದ್ದೇನೋ ಲೆಕ್ಕವಿಲ್ಲ. ಈಗಂತೂ ಫೋನಿಗೆ ಒಂದು ಮಾತು ಹೇಳಿದರೆ ಯಂತ್ರವೇ ಅರ್ಜಿ ಬರೆದುಕೊಡುತ್ತದೆ. ಅದನ್ನು ಆ ಕಡೆ ಇನ್ನೊಂದು ಯಂತ್ರ ಓದಿ ಬೇಡ ಅನ್ನುತ್ತದಂತೆ. ಅವೆರಡರ ಮಾತುಕತೆಯ ನಡುವೆ ನಿಂತು ನಾನು 'ಅಕ್ಷರ ದೋಷ ಇಲ್ಲದಂತೆ ನೋಡಿಕೊಳ್ಳಿ' ಎಂದು ಕೂಗುತ್ತಿದ್ದೇನೆ. ಸುಸ್ತಾಗುತ್ತದೆ.

ಹಾಗೆಂದು ಸುಖಪಟ್ಟ ದಿನಗಳೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬ್ಲಾಗಿನ ಹೆಸರು ಸ್ವಲ್ಪ ಹಬ್ಬಿದ ಮೇಲೆ ಸುತ್ತಲ ತಾಲ್ಲೂಕುಗಳಿಂದ ಭಾಷಣಕ್ಕೆ ಕರೆ ಬರುತ್ತಿತ್ತು. ಕೆ.ಆರ್. ಪೇಟೆಯಲ್ಲಿ ಒಂದು ಸಭಾಂಗಣ ತುಂಬಿ, ಕಿಟಕಿಗಳಲ್ಲೂ ತಲೆಗಳು ಕಾಣುತ್ತಿದ್ದವು. ಉಬ್ಬಿಹೋಗಿ ಆತ್ಮವಿಶ್ವಾಸದ ಮೇಲೆ ಧಾರಾಳವಾಗಿ ಮಾತಾಡಿದೆ. ಮುಗಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು, "ಎಲ್ಲಾ ಸರಿ ಕನಪ್ಪ, ಕೆಲ್ಸದ ಚೀಟಿ ಎಲ್ಲಿ ಕೊಡ್ತೀರಿ?" ಎಂದರು. ಅಷ್ಟೂ ಜನ ಬಂದಿದ್ದು ಅದಕ್ಕೇ ಎಂದು ಆಗ ತಿಳಿಯಿತು.

ನಾಗಮಂಗಲದಲ್ಲಿ ಅಣಕು ಸಂದರ್ಶನ ನಡೆಸುವಾಗ ಒಬ್ಬ ಗಟ್ಟಿಮುಟ್ಟಾದ ಆಸಾಮಿಗೆ, "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದೆ. ಇದಕ್ಕೆ 'ನಾನು ಅತಿಯಾಗಿ ದುಡಿಯುತ್ತೇನೆ' ಎಂಬಂಥ ಉತ್ತರ ಕೊಡಬೇಕೆಂಬುದು ನನ್ನ ಬ್ಲಾಗಿನ ಬೋಧನೆ. ಆತ ಅತ್ತಿತ್ತ ನೋಡಿ ದನಿ ತಗ್ಗಿಸಿ, "ಬಲಗಡೆ ಮಂಡಿ ಸಾ. ಮೆಟ್ಲು ಅತ್ತುವಾಗ ಇಡ್ಕಂಬುಡ್ತದೆ" ಎಂದ. ಕ್ಯಾತನಹಳ್ಳಿಯ ಹೆಣ್ಣುಮಗಳೊಬ್ಬಳನ್ನು, "ಇನ್ನೈದು ವರ್ಷಕ್ಕೆ ಎಲ್ಲಿರುತ್ತೀರಿ?" ಎಂದರೆ ಗಾಬರಿಯಾಗಿ, "ಇಲ್ಲೇ ಇರ್ತೀನಿ ಸಾ, ಇನ್ನೆಲ್ಲಿಗೋಗ್ಲಿ?" ಎಂದಳು. ಇಬ್ಬರನ್ನೂ ತಿದ್ದಿ ಕಳಿಸಿದೆ. ಈಗ ನೆನೆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವರು ಅವರಿಬ್ಬರೇ ಅನ್ನಿಸುತ್ತದೆ.

ಅಂದು ನಾಗಮಂಗಲದಿಂದ ಹಿಂದಿರುಗುವಾಗ ಬಸ್ಸು ಕೆಟ್ಟು ಕೆರೆ ಏರಿಯ ಹತ್ತಿರ ನಿಂತಿತು. ಇಳಿದು ಅಡ್ಡಾಡುವಾಗ ಹೊಂಗೆಮರಕ್ಕೆ ಒರಗಿದ್ದ ಒಂದು ವೀರಗಲ್ಲು ಕಣ್ಣಿಗೆ ಬಿತ್ತು. ಕೆಳಗೆ ವೀರ ಕಾದಾಡುತ್ತಿದ್ದಾನೆ, ನಡುವೆ ಅವನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ, ಮೇಲೆ ಕೈಲಾಸದಲ್ಲಿ ಕೂತಿದ್ದಾನೆ. ಎಂಥ ಅಚ್ಚುಕಟ್ಟು! ಒಂದೇ ಪುಟ, ಅನಗತ್ಯ ವಿವರ ಇಲ್ಲ, ಸಾಧನೆ ಸ್ಪಷ್ಟ, ಬಡ್ತಿಯೂ ಸ್ಪಷ್ಟ. ನಾನು ಹೇಳುವುದನ್ನೆಲ್ಲ ಆ ಶಿಲ್ಪಿ ಯಾವ ಬ್ಲಾಗನ್ನೂ ಓದದೆ ಮಾಡಿಬಿಟ್ಟಿದ್ದ. ಒಂದೇ ಕೊರತೆಯೆಂದರೆ, ಇಷ್ಟು ಒಳ್ಳೆಯ ಸ್ವವಿವರ ಬೇಕಾದರೆ ಮನುಷ್ಯ ಮೊದಲು ಸಾಯಬೇಕು.

ಇದೆಲ್ಲ ತಮಾಷೆಯಾಗಿ ಹೇಳುತ್ತಿದ್ದೇನೆ. ನಿಜವಾದ ವಿಷಯ ಬೇರೆ ಇದೆ, ಅದನ್ನು ಬ್ಲಾಗಿನಲ್ಲಿ ಬರೆದಿಲ್ಲ, ನಿಮಗೆ ಹೇಳುತ್ತೇನೆ. ಈ ಬೇಸಿಗೆಯಲ್ಲಿ ಕಾಲೇಜಿಗೆ ಸೇರುವವರು ಕಡಿಮೆಯಾಗಿ ನಮ್ಮ ಉದ್ಯೋಗ ವಿಭಾಗವನ್ನು ಮುಚ್ಚಿದರು, ಪಾಠ ಬಿಟ್ಟು ಅದನ್ನೇ ನೋಡಿಕೊಳ್ಳುತ್ತಿದ್ದ ನನ್ನ ಕೆಲಸವೂ ಹೋಯಿತು. ಬೀಗದ ಕೈಯನ್ನು ನಾನೇ ಕಚೇರಿಗೆ ಕೊಟ್ಟು ಬಂದೆ. ಅದೇ ವಾರ 'ಕೆಲಸ ಹೋದಾಗ ಎದೆಗುಂದದಿರಿ' ಎಂದು ಬರೆದೆ. ಬರೆದ ದಿನ ಬಿಸಿಲು ನೆತ್ತಿಗೇರುವವರೆಗೆ ಮುಸುಕು ಹಾಕಿಕೊಂಡು ಮಲಗಿದ್ದೆ. ಆಮೇಲೆ ನನ್ನದೇ ಮಾದರಿಯಲ್ಲಿ ಒಂದು ಪುಟದ ಸ್ವವಿವರ ತಯಾರಿಸಿ ನಾಲ್ಕಾರು ಕಡೆ ಕಳಿಸಿದೆ. ಯಾರೂ ಉತ್ತರ ಕೊಡಲಿಲ್ಲ. 'ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ವಿನಯದಿಂದ ನೆನಪಿಸಿ' ಎಂದು ಬರೆದಿದ್ದೆನಲ್ಲ, ನೆನಪಿಸಿದೆ. ಆಗಲೂ ಇಲ್ಲ. ಐವತ್ತನಾಲ್ಕರ ವಯಸ್ಸಿನಲ್ಲಿ ಫೋನು ಗುಂಯ್‌ಗುಟ್ಟಿದಾಗಲೆಲ್ಲ ಹಾರಿ ನೋಡುವುದು ಎಷ್ಟು ನಾಚಿಕೆಯ ವಿಷಯ ಎಂಬುದನ್ನು ಮಾತ್ರ ನಾನು ಎಲ್ಲೂ ಬರೆದಿರಲಿಲ್ಲ.

ನನ್ನ ಹೆಂಡತಿ ಸುಶೀಲ ಒಂದು ದಿನ ಆ ಪುಟವನ್ನು ಕೈಗೆತ್ತಿಕೊಂಡು ಓದಿದಳು. "ಏನ್ರೀ ಇದು? ಇದ್ನ ಓದುದ್ರೆ ನಂಗೇ ನಿಮ್ಮ ಗುರ್ತು ಸಿಗಕಿಲ್ಲ" ಎಂದಳು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಸೊಪ್ಪು ಸೋಸುತ್ತಾ ಇನ್ನೊಂದು ಮಾತು ಕೇಳಿದಳು. "ಇಷ್ಟ್ ವರ್ಸ ಬರದ್ರಲ್ಲಾ, ಅದ್ನ ಓದಿ ಯಾರಿಗಾರ ಒಬ್ರಿಗೆ ಕೆಲ್ಸ ಸಿಕ್ತಾ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ ಅದೇ ಕೊರೆಯತೊಡಗಿತು. ಒಬ್ಬರಿಗಾದರೂ ಸಿಕ್ಕಿದ್ದರೆ ಬ್ಲಾಗು ಇರಲಿ, ಇಲ್ಲವಾದರೆ ಈ ತಿಂಗಳೇ ಮುಚ್ಚಿಬಿಡೋಣ ಎಂದು ತೀರ್ಮಾನಿಸಿದೆ. ಆದರೆ ಯಾರನ್ನು ಕೇಳುವುದು? ಓದಿದವರು ಓದಿ ಹೋಗಿದ್ದರು. ಆಗ ನೆನಪಾದವರು ಮಹದೇವಾಚಾರಿ. ಯಾರೆಂದು ನನಗೂ ಗೊತ್ತಿಲ್ಲ, ಮುಖ ನೋಡಿಲ್ಲ. ಆದರೆ ಪ್ರತಿ ಬರಹದ ಕೆಳಗೆ, ಹಬ್ಬವಿರಲಿ ಹರಿದಿನವಿರಲಿ, ಅವರದೊಂದು ಸಾಲು ತಪ್ಪದೆ ಇರುತ್ತಿತ್ತು. 'ತುಂಬಾ ಉಪಯುಕ್ತ ಮಾಹಿತಿ ಸಾರ್. ಧನ್ಯವಾದಗಳು. ಮಹದೇವಾಚಾರಿ, ಚಿನಕುರಳಿ.' ಬೇರೆ ಯಾರೂ ಏನೂ ಅನ್ನದ ದಿನಗಳಲ್ಲಿ ಆ ಒಂದು ಸಾಲನ್ನು ನೋಡಿಕೊಂಡೇ ಮುಂದಿನದನ್ನು ಬರೆದಿದ್ದೇನೆ. ಇಷ್ಟು ಉಪಯೋಗವಾದ ಮನುಷ್ಯನಿಗೆ ಕೆಲಸ ಸಿಗದೆ ಇದ್ದೀತೆ? ಈ ಹೊತ್ತಿಗೆ ಎಲ್ಲೋ ಮ್ಯಾನೇಜರ್ ಆಗಿರಬೇಕು ಅಂದುಕೊಂಡು ಚಿನಕುರಳಿಯ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರಾಕ್ಟರೊಂದು ಮುಂದೆ ಹೋಗುತ್ತಿತ್ತು, ಬಸ್ಸು ಅದರ ಹಿಂದೆ ತೆವಳುತ್ತಿತ್ತು. ಇಳಿದು ಕೇಳಿದರೆ ಟೀ ಅಂಗಡಿಯವನು, "ಬಾಗ್ಲು ಮಾದೇವಾಚಾರ್ರಾ? ಅಗಳಿ, ಗರಗಸದ ಸದ್ದು ಬತ್ತಾ ಅದಲ್ಲ, ಅಲ್ಲೇಯ" ಎಂದ. ತಗಡಿನ ಶೆಡ್ಡಿನ ತುಂಬ ಬಾಗಿಲು, ಕಿಟಕಿ, ಚೌಕಟ್ಟುಗಳು. ಮರದ ಹೊಟ್ಟಿನ ನಡುವೆ ಅರವತ್ತರ ಹತ್ತಿರದ ಒಬ್ಬರು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ನಿಂತಿದ್ದರು. ಹೆಸರು ಹೇಳಿದ ತಕ್ಷಣ ಮುಖ ಅರಳಿತು. "ಅಯ್ಯೋ, ನೀವಾ ಸಾ! ಬನ್ನಿ ಬನ್ನಿ, ಕೂತ್ಕಳಿ" ಎಂದು ಹೆಗಲ ಮೇಲಿನ ಟವೆಲಿನಿಂದಲೇ ಸ್ಟೂಲು ಒರೆಸಿದರು.

ನಾನು ಸುತ್ತಿ ಬಳಸದೆ, "ನನ್ನ ಬರಹ ಓದಿ ಯಾವ ಕೆಲಸಕ್ಕೆ ಅರ್ಜಿ ಹಾಕಿದಿರಿ?" ಎಂದೆ.

"ನಾನ್ಯಾಕ್ ಸಾ ಆಕ್ಲಿ?" ಎಂದು ಅವರು ಆಶ್ಚರ್ಯಪಟ್ಟರು. "ನಮ್ ತಾತನ ಕಾಲ್ದಿಂದ್ಲೂ ಕೆಲ್ಸನೇ ನಮ್ಮನ್ನ ಹುಡ್ಕಂಡ್ ಬತ್ತದೆ. ನಮ್ಮಪ್ಪ ನೇಗ್ಲು ಮಾಡ್ಕೊಡೋರು, ಊರೋರು ಕಣದಲ್ಲಿ ರಾಗಿ ಅಳ್ದು ಕೊಡೋರು. ನಾನು ಬಾಗ್ಲು ಮಾಡ್ಕೊಡ್ತೀನಿ, ಫೋನಿಗ್ ದುಡ್ಡು ಬತ್ತದೆ. ನಮ್ ಬಾಮೈದ ಕೆಲ್ಸ ಹುಡುಕ್ತಿದ್ದ, ಅವ್ನಿಗೆ ಅಂತ ನಿಮ್ದಕ್ಕೆ ನನ್ ಹೆಸ್ರು ಸೇರ್ಸಿದ್ದೆ. ಅವ್ನು ಅರ್ಜಿನೂ ಆಕ್ನಿಲ್ಲ ಗಿರ್ಜಿನೂ ಆಕ್ನಿಲ್ಲ, ಪೇಟೆಲಿ ಬೇಕ್ರಿ ಆಕ್ಕಂಡ."

ನಾನು ಫೋನು ತೆಗೆದು ಅವರದೇ ಸಾಲನ್ನು ತೋರಿಸಿದೆ. "ಮತ್ತೆ ಪ್ರತಿ ಸಲವೂ ಉಪಯುಕ್ತ ಮಾಹಿತಿ ಅಂತ ಬರೆಯುತ್ತಿದ್ದಿರಲ್ಲ?"

"ಬರೀದೆ ಇರಕಾಯ್ತದಾ ಸಾ? ನೀವು ಹೆಸ್ರಿಡ್ದು ಬರ್ದಿರ್ತೀರಿ, 'ಆತ್ಮೀಯ ಮಹದೇವಾಚಾರಿಯವರೇ' ಅಂತ. ಹೆಸ್ರಿಡ್ದು ಕರೆಯೋರ್ಗೆ ಮಾತಾಡ್ದೆ ಸುಮ್ಕಿದ್ರೆ ಏನ್ ಚೆಂದ?"

ಹೊಸ ಬರಹ ಹಾಕಿದಾಗ ಹೆಸರು ನೋಂದಾಯಿಸಿದವರಿಗೆಲ್ಲ ತಂತಾನೇ ಹೋಗುವ ಓಲೆ ಅದು. ಹೆಸರು ತುಂಬುವುದು ಯಂತ್ರ, ಅದಕ್ಕೆ ಬಂದ ಉತ್ತರವನ್ನು ಬರಹದ ಕೆಳಗೆ ಹಾಕುವುದೂ ಯಂತ್ರ. ಹಾಗೆ ಮಾಡಿದರೆ ಓದುಗರಿಗೆ ಆಪ್ತವೆನಿಸುತ್ತದೆ ಎಂದು ಎಲ್ಲೋ ಓದಿ ನಾನೇ ಮಾಡಿದ್ದ ಏರ್ಪಾಡು. ಹನ್ನೊಂದು ವರ್ಷ ಈ ಮನುಷ್ಯ ಅದು ತನಗೊಬ್ಬನಿಗೇ ಬಂದ ಕಾಗದವೆಂದು ತಿಳಿದು, ಮರ್ಯಾದೆಗೆ ಕೈ ತೊಳೆದುಕೊಂಡು ಬಂದು ಉತ್ತರ ಬರೆದಿದ್ದಾರೆ. ಯಂತ್ರದ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಬ್ಲಾಗಿನ ಹಣೆಬರಹ ಮಾತ್ರ ಇಲ್ಲಿಗೆ ಮುಗಿಯಿತು ಅಂದುಕೊಂಡು ಏಳಲು ಹೊರಟೆ.

ಅವರು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಕೂತರು. "ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ಗೆ ಕೆಲ್ಸ ಸಿಕ್ತಾ ಸಾ?"

"ನನಗಾ?"

"ಅಲ್ಲಾ, ಇಷ್ಟ್ ವರ್ಸದಿಂದ್ಲೂ ಕೆಲ್ಸ ಕೆಲ್ಸ ಅಂತ್ಲೇ ಬರೀತಿದ್ರಲ್ಲಾ. ಪಾಪ ಇವ್ರಿಗಿನ್ನೂ ಸಿಕ್ಕಿಲ್ಲ ಅಂತ ನಾನೂ ನಮ್ಮನೆಯವ್ಳೂ ಮಾತಾಡ್ಕತಿದ್ದೋ. ಧೈರ್ಯವಾಗಿರ್ಲಿ ಅಂತ್ಲೇ ನಾನೂ ಒಂದ್ ಮಾತು ಬರ್ದಾಕ್ತಿದ್ದೆ."

ನಗು ಬಂತು. ಬೇಸಿಗೆಯಿಂದ ಈವರೆಗೆ ಮನೆಯ ಹೊರಗೆ ಯಾರ ಮುಂದೆಯೂ ಆಡದ ಮಾತು ತಾನಾಗಿ ಹೊರಬಂತು. "ಇಲ್ಲ ಮಹದೇವಾಚಾರ್ರೇ, ಇದ್ದದ್ದೂ ಹೋಯ್ತು."

ಅವರು ಅಯ್ಯೋ ಪಾಪ ಅನ್ನಲಿಲ್ಲ. ಹೊರೆ ಇಳಿದವರ ಹಾಗೆ, "ಅಂಗಾರೆ ಇಲ್ಲಿಗೇ ಬಂದ್ಬುಡಿ ಮತ್ತೆ" ಎಂದರು. "ಫೋನಿಗೆ ಒಂದೇ ಸಮ್ನೆ ಮೆಸೇಜು ಬತ್ತವೆ, ಬಾಗ್ಲೆಷ್ಟು, ಕಿಟ್ಕಿ ಯಾವಾಗ ಕೊಡ್ತೀರಿ ಅಂತ. ಎಲ್ರಿಗೂ ಉತ್ರ ಬರ್ಕಂಡ್ ಕೂತ್ರೆ ಉಳಿ ಇಡಿಯೋದ್ಯಾವಾಗ? ಯಾರ್ಗೂ ಬರೀದೆ ಇರಕೂ ಮನ್ಸು ಬರಕಿಲ್ಲ. ಬರಿಯೋದ್ರಲ್ಲಿ ನಿಮ್ ಕೈ ಪಳಗದೆ, ಕುಂತ್ಕಂಡು ಬರ್ಕೊಡಿ."

ಕೆಲಸ ಕೊಡುತ್ತೇವೆಂದ ತಕ್ಷಣ ಒಪ್ಪಬಾರದು, ಯೋಚಿಸಲು ಕಾಲಾವಕಾಶ ಕೇಳಬೇಕು ಎಂಬುದು ನನ್ನ ಬ್ಲಾಗಿನ ಅತಿ ಹೆಚ್ಚು ಓದಿಸಿಕೊಂಡ ಸಲಹೆ. ಕೇಳಿದೆ. "ಓಹೋ, ಯೋಚ್ನೆ ಮಾಡಿ" ಎಂದು ಅವರು ಶೆಡ್ಡಿನ ಹಿಂದಿನ ಮನೆಯ ಕಡೆ ತಿರುಗಿ, "ಲೇ, ಕಾಗ್ದ ಬರೀತಿದ್ರಲ್ಲ, ಆ ಸಾ ಬಂದವ್ರೆ, ಕಾಫಿ ಮಾಡು" ಎಂದು ಕೂಗಿ, ಮತ್ತೆ ನನ್ನ ಕಡೆ ನೋಡಿ, "ಊಟನೇ ಮಾಡೀರಾ?" ಎಂದರು. ನನ್ನ ಎರಡನೆಯ ಸಂದರ್ಶನವೂ ಮೊದಲನೆಯದರ ಹಾಗೇ ಮುಗಿಯಿತು. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಕಾಲಾವಕಾಶ ತಟ್ಟೆ ಬರಿದಾಗುವುದರೊಳಗೆ ಮುಗಿದುಹೋಯಿತು.

ಮನೆಗೆ ಬಂದು ಸುಶೀಲಳಿಗೆ ಹೇಳಿದೆ. ಅವಳು ಕೇಳಿ ಕೇಳಿ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂತೂ ನಿಮ್ ಬ್ಲಾಗಿಂದ ಒಬ್ರಿಗೆ ಕೆಲ್ಸ ಸಿಕ್ತು ಬುಡಿ" ಎಂದಳು. ನನ್ನದೇ ತೀರ್ಮಾನದ ಪ್ರಕಾರ ಇನ್ನು ಅದನ್ನು ಮುಚ್ಚುವ ಹಾಗಿಲ್ಲ. ದಣಿವೇನೂ ಹೋಗಿಲ್ಲ, ಹಾಗೇ ಇದೆ. ಆದರೆ ದಣಿದವನಿಗೆ ಕೂರಲು ಒಂದು ಸ್ಟೂಲು ಸಿಕ್ಕಿದೆ.

ಸೋಮವಾರದಿಂದ ಹೋಗಬೇಕು. ಮೊದಲ ದಿನ ಯಾವ ಉಡುಪು ತೊಡಬೇಕೆಂದು ನಿನ್ನೆ ಸಂಜೆ ನನ್ನ ಬ್ಲಾಗಿನಲ್ಲೇ ಹುಡುಕಿದೆ. ತಿಳಿನೀಲಿ ಅಂಗಿ, ಕಪ್ಪು ಬೂಟು ಎಂದಿತ್ತು. ಮರದ ಹೊಟ್ಟು ಬೀಳುವ ಜಾಗಕ್ಕೆ ಏನು ತೊಡಬೇಕೆಂದು ಆ ಮಹಾನುಭಾವ ಬರೆದೇ ಇರಲಿಲ್ಲ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಮಹದೇವಾಚಾರಿ. 'ಯಾವ್ದಾದ್ರೂ ಹಳೇ ಅಂಗಿ ಹಾಕ್ಕೊಂಡ್ ಬನ್ನಿ ಸಾರ್. ಬುತ್ತಿ ತರಬೇಡಿ, ಊಟ ನಮ್ಮನೇಲೇ.'

ಯಂತ್ರ ಕಳಿಸಿದ್ದಲ್ಲ, ನನಗೊಬ್ಬನಿಗೇ ಬರೆದ ಕಾಗದ. ಸುಮ್ಮನಿರಲು ಆಗುತ್ತದೆಯೇ? ಉತ್ತರ ಬರೆದೆ.

'ತುಂಬಾ ಉಪಯುಕ್ತ ಮಾಹಿತಿ ಸಾರ್. ಧನ್ಯವಾದಗಳು.'