ಚಲುವಯ್ಯನ ಒಂಬತ್ತು ನಿಮಿಷ

ಕಟ್ಟೆಮಳಲವಾಡಿಯ ಚಲುವಯ್ಯ ಹಾಡುಗಾರ. ಹಾಗೆಂದು ಹುಣಸೂರಿನಲ್ಲಿ ಹೇಳಿ ನೋಡಿ, ನಗುತ್ತಾರೆ. ಮೈಸೂರಿನ ಹೋಟೆಲಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಮುದುಕರೊಬ್ಬರಿಂದ ಜಾಝ್ ಕಲಿತು, ಏಳು ಜನರಿಗೆ ಕೆಂಪು ಕೋಟು ಹೊಲಿಸಿ ಬ್ಯಾಂಡು ಕಟ್ಟಿದವನು ಈತ. ತಂಬಾಕು ಹದಮಾಡುವ ಬ್ಯಾರನ್ನಿನ ಬೆಂಕಿ ಕಾಯುತ್ತಲೇ ಕನ್ನಡದಲ್ಲೊಂದು ಜಾಝ್ ಹಾಡು ಬರೆದ. ಒಂಬತ್ತು ನಿಮಿಷದ್ದು. ಎರಡನೇ ನಿಮಿಷ ದಾಟಲು ನಮ್ಮ ಜನ ಎಂದೂ ಬಿಡಲಿಲ್ಲ. ಮದುವೆ ಊಟದ ಪಂಕ್ತಿಗೆ ಕಾಯುವವರಿಗೆ ಕಿವಿ ಎಲ್ಲಿರುತ್ತದೆ?

ಪಿರಿಯಾಪಟ್ಟಣದ ಮದುವೆಯೊಂದರಲ್ಲಿ ಹಾಡಿನ ನಡುವೆ ಕರೆಂಟ್ ಹೋಯಿತು. ಸಿಟ್ಟಿಗೆ ಆತ ಗಂಟಲಲ್ಲೇ ಜನರೇಟರ್ ಸದ್ದು ಮಾಡಿದ: ಹಗ್ಗ ಎಳೆದದ್ದು, ಕೆಮ್ಮಿದ್ದು, ಹತ್ತಿಕೊಂಡದ್ದು. ಶಿಳ್ಳೆಯೋ ಶಿಳ್ಳೆ. ಅಂದಿನಿಂದ ಕೆ.ಆರ್. ನಗರದಿಂದ ಎಚ್.ಡಿ. ಕೋಟೆವರೆಗೆ ಅದೇ ಬೇಡಿಕೆ. ಜನರೇಟರಿಗೆ ಪಕ್ಕವಾದ್ಯ ಯಾಕೆಂದು ಬ್ಯಾಂಡಿನವರು ಚದುರಿದರು.

ಹನ್ನೊಂದು ವರ್ಷದ ಮೇಲೆ, ಮದುವೆ ಗೊತ್ತಾದಾಗ ಮಗಳು ಅನುಶ್ರೀ ಕೇಳಿದ್ದು ಒಂದೇ. "ಅಪ್ಪ, ನನ್ ಬೀಗರೂಟದಲ್ಲಿ ಆ ಹಾಡ್ನ ಪೂರ್ತಿ ಹಾಡ್ಬೇಕು. ಇನ್ನೇನೂ ಬ್ಯಾಡ ಕಣಪ್ಪ."

ಹೋದ ತಿಂಗಳು, ಮಧ್ಯಾಹ್ನ, ಹುಣಸೂರಿನ ಛತ್ರ. ಚಲುವಯ್ಯ ಮೊದಲ ಸಾಲು ಎತ್ತಿದ, ಕರೆಂಟ್ ಹೋಯಿತು. ಛತ್ರದ ಜನರೇಟರ್ ಕೆಟ್ಟು ಬಿದ್ದಿತ್ತು. ಎಲೆ ಮುಂದೆ ಕೂತಿದ್ದ ಗಂಡಿನ ಅಪ್ಪ ಜವರಯ್ಯ ಕೂಗಿದರು. "ಬೀಗ್ರೇ, ಹಾಡ್ ಇರ್ಲಿ ಬುಡಿ. ನಿಮ್ ಮಿಸಿನ್ನ ಶುರು ಮಾಡಿ!"

ಬೀಗರ ಊಟದಲ್ಲಿ ಗಂಡಿನ ಕಡೆಯವರು ಕೇಳಿದ್ದಕ್ಕೆ ಹೆಣ್ಣಿನಪ್ಪ ಇಲ್ಲ ಅನ್ನುವಂತಿಲ್ಲ. ಮೂಳೆ ಕೇಳಿದರೆ ಮೂಳೆ, ಜನರೇಟರ್ ಕೇಳಿದರೆ ಜನರೇಟರ್. ಚಲುವಯ್ಯ ಶುರು ಮಾಡಿದ. ಲಗ್ನಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದವರೆಲ್ಲ, ನಂಬಿ, ಪತ್ರಿಕೆ ಕೆಳಗಿಟ್ಟರು. ನಿಂತ ಫ್ಯಾನಿನಡಿ ಬೆವರು ಸುರಿಸುತ್ತ, "ಈಗ ತಣ್ಣಗಾಯ್ತು ನೋಡ್ಲಾ" ಎಂದು ಮುದ್ದೆ ಮುರಿದರು.

ಇಪ್ಪತ್ತು ನಿಮಿಷವಾದ ಮೇಲೆ ವೇದಿಕೆಯಲ್ಲಿದ್ದ ಮದುಮಗಳು ಎದ್ದು ನಿಂತಳು. "ಆಫ್ ಮಾಡಪ್ಪೋ!"

ಸದ್ದು ನಿಂತು ಹಾಡು ಶುರುವಾಯಿತು. "ಡೀಸೆಲ್ ಮುಗೀತು ಕಣ್ರೋ!" ಎನ್ನುತ್ತ ಜವರಯ್ಯ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿದರು. ಹಿಂದೆಯೇ ನಾವೆಲ್ಲ. ಕೆಟ್ಟ ಜನರೇಟರಿಗೆ ಡೀಸೆಲ್ ಹೊಯ್ದೆವು, ಬೈದೆವು, ಒದ್ದೆವು. ಅದು ಹೇಗೋ ಹತ್ತಿಕೊಂಡಿತು.

ಅಷ್ಟರಲ್ಲಿ ಒಳಗೆ ಒಂಬತ್ತು ನಿಮಿಷ ಮುಗಿದಿತ್ತಂತೆ. ಕೇಳಿದವರು ಇಬ್ಬರೇ, ಗಂಡು ಹೆಣ್ಣು. "ಇನ್ನೊಂದ್ ಸಲ ಹಾಡಿ ಮಾವ" ಎಂದನಂತೆ ಅಳಿಯ ತೇಜಸ್.

ಹೊರಗೆ ನಾವು ಜನರೇಟರಿಗೆ ಚಪ್ಪಾಳೆ ತಟ್ಟುತ್ತಿದ್ದೆವು. "ಏನ್ ಗಂಟ್ಲಲಾ ನಮ್ ಬೀಗರ್ದು!" ಎಂದು ಅದರ ಹೊಗೆಯಲ್ಲಿ ಕಣ್ಣೊರೆಸಿಕೊಂಡರು ಜವರಯ್ಯ. ನಾನು ತಿದ್ದಬೇಕಿತ್ತು. ಹೌದೌದು ಅಂದೆ.