ಬೆಳಕಿಂಡಿಯ ಗಾಜು

ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿಯನ್ನು ಅಕ್ಕಿಆಲೂರಿಗೆ ಮೊದಲು ತಂದವನು ನಾನೇ ಎಂದು ಎಂಬತ್ತರ ದಶಕದ ಕೊನೆಗೆ ನನಗೆ ಬಲವಾದ ನಂಬಿಕೆಯಿತ್ತು. ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಯಾವುದೋ ವಾರಪತ್ರಿಕೆಯಲ್ಲಿ ಒಂದೂವರೆ ಪುಟದ ಲೇಖನ ಓದಿದ್ದೆ, ಅಷ್ಟೇ. ಒಂದೂವರೆ ಪುಟ ಓದಿ ಒಂದೂವರೆ ತಾಸು ಮಾತಾಡುವ ಶಕ್ತಿ ಆ ವಯಸ್ಸಿನಲ್ಲಿ ಇತ್ತು ನೋಡಿ.

ಅದೇ ಬೇಸಿಗೆಯಲ್ಲಿ ಮನೆಗೊಂದು ಸುಧಾರಣೆಯನ್ನೂ ಮಾಡಿದ್ದೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಯ ಮೇಲೆ ಬೆಳಕಿಂಡಿ, ಅದಕ್ಕೊಂದು ತಗಡಿನ ಮುಚ್ಚಳ, ಮುಚ್ಚಳಕ್ಕೆ ಹಗ್ಗ. ಒಲೆ ಹಚ್ಚುವಾಗ ಅವ್ವ ಹಗ್ಗ ಜಗ್ಗಿ ತೆರೆಯುವಳು, ಮಳೆ ಬಂದರೆ ಮುಚ್ಚುವಳು. ವಿಜ್ಞಾನದ ಮಾಸ್ತರನ ಮನೆಯಲ್ಲಿ ಹಗ್ಗ ಜಗ್ಗುವುದೇ? ತಗಡು ಕಿತ್ತೊಗೆದು, ದಪ್ಪನೆಯ ಗಾಜು ಕೂಡಿಸಿ, ಸುತ್ತ ಸಿಮೆಂಟು ಮೆತ್ತಿದೆ. ಬೆಳಕು ಒಳಗೆ, ಮಳೆ ಹೊರಗೆ. ಬಂದವರನ್ನೆಲ್ಲ ಕರೆದು ತೋರಿಸಿದೆ.

ಮಳೆಗಾಲದ ಆರಂಭಕ್ಕೆ ತಿಳವಳ್ಳಿಯ ರೈತರು ಭಾಷಣಕ್ಕೆ ಕರೆದರು. ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೆ. ಅವ್ವ ಕೆಮ್ಮುತ್ತ ಬಾಗಿಲಿಗೆ ಬಂದು, "ತಮ್ಮಾ, ಹೊಗಿ ಹೊರಗ ಹೋಗವಲ್ದೋ," ಎಂದಳು.

"ಒಣಾ ಕಟಿಗಿ ಹಚ್ಚಬೇ ಯವ್ವಾ," ಎಂದೆ, ತಲೆ ಎತ್ತದೆ.

ಆಗ ನಾನು ತಿದ್ದುತ್ತಿದ್ದ ವಾಕ್ಯ, ಭೂಮಿಯ ಮೇಲೆ ಗಾಜಿನ ಮುಚ್ಚಳ ಹಾಕಿದಂತಾಗಿದೆ ಎಂಬುದು. ಅವ್ವ ಮತ್ತೆರಡು ಸಲ ಬಂದಳು. ನಾನು ಮತ್ತೆರಡು ಸಲ ಕಟ್ಟಿಗೆಯ ಮೇಲೆ ತಪ್ಪು ಹೊರಿಸಿ ಕಳಿಸಿದೆ.

ತಿಳವಳ್ಳಿಯಲ್ಲಿ ಭಾಷಣ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಎದ್ದು ನಿಂತರು. "ಸರ, ಇದನ್ನ ಮಾಡಿದವ್ರು ಯಾರ್ರಿ?"

"ದೊಡ್ಡ ದೊಡ್ಡ ದೇಶದವ್ರು, ಕಾರ್ಖಾನಿಯವ್ರು, ಮೋಟಾರಿನವ್ರು."

"ಹಂಗಾರ ನಮ್ಮದೇನೂ ಇಲ್ಲನ್ರಿ?"

"ನಮ್ಮದೇನೈತ್ರಿ? ನಾವು ಸೈಕಲ್ ಮಂದಿ!"

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ತಪ್ಪು ತಮ್ಮದಲ್ಲವೆಂದು ಕೇಳಿ ಅಷ್ಟು ಖುಷಿಪಟ್ಟ ಜನರನ್ನು ನಾನು ಕಂಡಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಉಬ್ಬಿದವನು ನಾನೇ.

ಮಳೆಗಾಲ ಮುಗಿಯುವಷ್ಟರಲ್ಲಿ ಅವ್ವನ ಕೆಮ್ಮು ಜೋರಾಯಿತು. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಅವ್ವ ಕೈಬಿಟ್ಟು ಹೋಗುತ್ತಾಳೆಂದು ನಿಜವಾಗಿಯೂ ಹೆದರಿದೆ. ಹೆದರಿದವನಿಗೆ ಬಯ್ಯಲು ಯಾರಾದರೂ ಬೇಕಲ್ಲ! ಊರಾಚೆಯ ಅಕ್ಕಿ ಗಿರಣಿಯ ಚಿಮಣಿ ಕಣ್ಣಿಗೆ ಬಿತ್ತು. ಸೈಕಲ್ ಹೊಡೆದುಕೊಂಡು ಹೋಗಿ ಮಾಲಕರ ಎದುರು ಕೂಗಾಡಿದೆ. "ನಿಮ್ಮ ಹೊಗಿ ನಮ್ಮವ್ವನ ಜೀವಾ ತಿನ್ನಾಕತ್ತೈತ್ರಿ!"

ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿ, "ಮಾಸ್ತರ, ಗಾಳಿ ನಿಮ್ಮನಿ ಕಡಿ ಬೀಸಂಗಿಲ್ರಿ. ಮೊದಲ ನಿಮ್ಮ ಒಲಿ ನೋಡ್ರಿ," ಎಂದರು. ಮುಖ ಗಂಟುಹಾಕಿಕೊಂಡೇ ಎದ್ದು ಬಂದೆ. ಚಹಾ ಮಾತ್ರ ಪೂರ್ತಿ ಕುಡಿದಿದ್ದೆ.

ಅವರ ಮಾತನ್ನು ಸುಳ್ಳು ಮಾಡಬೇಕೆಂದೇ ನೇರ ಅಡುಗೆಮನೆಗೆ ನುಗ್ಗಿದೆ. ಒಲೆ ಉರಿಯುವಾಗ ಅಲ್ಲಿ ಕಾಲಿಟ್ಟು ತಿಂಗಳುಗಳೇ ಆಗಿದ್ದವು. ನನ್ನ ತಾಟು ಪಡಸಾಲೆಗೇ ಬರುತ್ತಿತ್ತಲ್ಲ. ಒಳಗೆ ಅವ್ವ ಕಾಣಲಿಲ್ಲ, ಕೆಮ್ಮು ಕೇಳಿಸಿತು. ಕಣ್ಣು ಹೊಸಕಿಕೊಂಡು ಮೇಲೆ ನೋಡಿದರೆ ನನ್ನ ಗಾಜು ರೊಟ್ಟಿಯ ಹಂಚಿನಷ್ಟು ಕಪ್ಪಾಗಿತ್ತು. ಬೆಳಕೂ ಇಲ್ಲ. ಅಯ್ಯೋ, ಎಂಥ ಕತ್ತೆ ನಾನು ಎಂದು ಗಟ್ಟಿಯಾಗಿಯೇ ಅಂದೆ.

ಏಣಿ ಹಾಕಿ ಮಾಳಿಗೆ ಹತ್ತಿ ಸಿಮೆಂಟು ಒಡೆದೆ. ಗಾಜು ಎತ್ತಿದ ಕೂಡಲೇ ಹೊಗೆ ನನ್ನ ಮುಖಕ್ಕೆ ಬಡಿದು ಮೇಲೆ ಹೋಯಿತು. ಕೆಳಗೆ ಅವ್ವ ಕಂಡಳು, ಕೆಂಪಾದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

"ಯವ್ವಾ, ಇದು ಗಾಜಿನಿಂದ ಅಂತ ನಿನಗ ಗೊತ್ತಿತ್ತನ?"

"ಹಾಕಿದ ದಿನಾನ ಗೊತ್ತಾತಪಾ."

"ಮತ್ತ ಹೇಳಬಾರದನ?" ಅಲ್ಲಿ ನಿಂತೂ ನಾನು ಅವಳ ತಪ್ಪನ್ನೇ ಹುಡುಕುತ್ತಿದ್ದೆ.

"ಹೇಳಿದ್ನಲ್ಲೋ, ಮೂರು ಸಲ. ನೀ ಭಾಷಣಾ ಬರಿಯಾಕತ್ತಿದ್ದಿ."

ನಾಚಿಕೆಯಿಂದ ಮಾಳಿಗೆ ಇಳಿಯಲು ಮನಸ್ಸಾಗಲಿಲ್ಲ. ಕೊನೆಗೆ ಇಳಿದು, ಹಿತ್ತಲಲ್ಲಿ ಬಿದ್ದಿದ್ದ ತಗಡು ಹುಡುಕಿ ತಂದು ಕೂಡಿಸಿ ಹಗ್ಗ ಕಟ್ಟಿದೆ. ಅವ್ವನ ಕೆಮ್ಮು ಕಡಿಮೆಯಾಯಿತು, ಹೋಗಲಿಲ್ಲ. ಅವಳು ಇರುವವರೆಗೂ, ಒಳಗೆ ಕೆಮ್ಮು ಕೇಳಿದಾಗಲೆಲ್ಲ ಪಡಸಾಲೆಯಿಂದ ಓಡಿಹೋಗಿ ಹಗ್ಗ ಜಗ್ಗುತ್ತಿದ್ದೆ. ಮುಚ್ಚಳ ಆಗಲೇ ತೆರೆದಿರುತ್ತಿತ್ತು.